ಹನ್ನೊಂದು ಜನರ ಮುಲಾಜು

ವಿಶ್ವವಿದ್ಯಾಲಯದ ಹಳೆಯ ಕಟ್ಟಡದಲ್ಲಿ ಎರಡನೇ ಮಹಡಿ ಹತ್ತಿ ಎಡಕ್ಕೆ ತಿರುಗಿದರೆ ಕೊನೆಯ ಕೋಣೆ. ಪ್ರತಿ ಬುಧವಾರ ಹತ್ತು ಗಂಟೆಗೆ ಅಲ್ಲಿ ಐದು ಮೇಜು ಹಾಕುತ್ತಾರೆ. ಹೊಸದಾಗಿ ಏನಾದರೂ ಮಾಡಿ ಮಾರಬೇಕೆಂದು ಹೊರಟ ವಿದ್ಯಾರ್ಥಿಗಳು ಗುಂಪುಗುಂಪಾಗಿ ಬಂದು ಆ ಮೇಜುಗಳ ಮುಂದೆ ಕೂರುತ್ತಾರೆ. ಮೇಜಿನ ಆಚೆ ಬದಿಯಲ್ಲಿ, ಜೀವಮಾನವೆಲ್ಲ ವ್ಯಾಪಾರದಲ್ಲಿ ಸವೆದು ಬಂದ ಹಿರಿಯರು. ನಾಲ್ವರ ಮುಂದೆ ಲ್ಯಾಪ್‌ಟಾಪು. ಐದನೆಯ ಮೇಜಿನ ಮೇಲೆ ಒಂದು ನೀರಿನ ಬಾಟಲಿ, ಒಂದು ಕನ್ನಡಕದ ಪೆಟ್ಟಿಗೆ, ಅಷ್ಟೇ. ಅದು ಇಸ್ತ್ರಿಯಮ್ಮನ ಮೇಜು.

ಅವಳಿಗೆ ಹೆತ್ತವರಿಟ್ಟ ಹೆಸರು ಬೇರೆ ಇದೆ, ಅದು ಬ್ಯಾಂಕಿನವರಿಗೆ ಮಾತ್ರ ನೆನಪು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಒಂದು ವಠಾರದ ಮೆಟ್ಟಿಲ ಕೆಳಗೆ, ತಲೆ ಎತ್ತಿದರೆ ಬಡಿಯುವಷ್ಟು ಜಾಗದಲ್ಲಿ, ಇಸ್ತ್ರಿಪೆಟ್ಟಿಗೆ ಹಿಡಿದು ನಿಂತವಳು. ಅಲ್ಲಿಂದ ಒಂದು ಕೊಠಡಿ, ಆಮೇಲೆ ಒಂದು ಗೋದಾಮು, ಆಮೇಲೆ ಹೋಟೆಲು ಆಸ್ಪತ್ರೆಗಳ ಹಾಸುಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ. ನಲವತ್ತು ಜನಕ್ಕೆ ಕೆಲಸ. ಗಂಡ ಬಸ್ಸಿನ ಎಂಜಿನು ರಿಪೇರಿಯವನಾಗಿದ್ದ, ಒಳ್ಳೆಯ ತಣ್ಣನೆಯ ಮನುಷ್ಯ. ಅವನು ತೀರಿಕೊಂಡ ಮೇಲೆ ಅವಳು ಲಾಂಡ್ರಿಯನ್ನು ಮಗಳ ಕೈಗೆ ಕೊಟ್ಟು ಮನೆಯಲ್ಲಿ ಕೂತಳು. ಕೂತದ್ದು ಮೂರು ತಿಂಗಳು. ನಾಲ್ಕನೆಯ ತಿಂಗಳಿಗೆ, ವಿಶ್ವವಿದ್ಯಾಲಯದಲ್ಲಿ ಈ ಬುಧವಾರದ ಮೇಜುಗಳನ್ನು ನಡೆಸುವ ಮೇಡಂ ಹುಡುಕಿಕೊಂಡು ಬಂದರು.

"ನಾನು ಓದಿದ್ದು ಏಳನೇ ಕ್ಲಾಸು ಕಣ್ರೀ. ಅದೂ ಪರೀಕ್ಷೆಗೆ ಕೂತಿಲ್ಲ," ಎಂದಿದ್ದಳು ಇಸ್ತ್ರಿಯಮ್ಮ.

"ಓದಿದೋರು ನಮ್ಮಲ್ಲಿ ಬೇಕಾದಷ್ಟು ಜನ ಇದಾರೆ. ಸೋತು ಮೇಲೆ ಬಂದೋರು ಬೇಕು."

"ಸೋತಿದ್ದೆಲ್ಲ ಹೇಳೋಕೆ ಒಂದು ಬುಧವಾರ ಸಾಲದು."

"ಅದಕ್ಕೇ ವರ್ಷಪೂರ್ತಿ ಬನ್ನಿ ಅಂತಿರೋದು."

ಹಾಗೆ ಬಂದವಳು ಬಂದೇ ಬಂದಳು. ಈಗ ನಾಲ್ಕನೆಯ ವರ್ಷ.

ಅವಳ ರೀತಿ ಬೇರೆಯೇ. ಹುಡುಗರು ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ಹಾಕಲು ಹೊರಟರೆ, "ಅದನ್ನ ಮುಚ್ಚು ಮಗಾ, ಬಾಯಲ್ಲಿ ಹೇಳು," ಎನ್ನುತ್ತಿದ್ದಳು. ಒಬ್ಬ ಹೇಳುವಾಗ ಇನ್ನೊಬ್ಬ ಬಾಯಿ ಹಾಕುವಂತಿಲ್ಲ. ಎಲ್ಲರದೂ ಮುಗಿದ ಮೇಲೆ ಒಂದು ಗುಟುಕು ನೀರು ಕುಡಿದು, "ನನಗೆ ಕೇಳಿಸಿದ್ದು ಹೀಗೆ," ಎಂದು ಅವರು ಹೇಳಿದ್ದನ್ನೇ ತನ್ನ ಮಾತಿನಲ್ಲಿ ತಿರುಗಿ ಹೇಳುತ್ತಿದ್ದಳು. ಹೊಸದೊಂದು ಅಕ್ಷರ ಸೇರಿಸುತ್ತಿರಲಿಲ್ಲ. ಆದರೂ ತಮ್ಮ ಮಾತನ್ನೇ ಆ ಬಾಯಿಂದ ಕೇಳಿದಾಗ ಹುಡುಗರಿಗೆ ಎಲ್ಲಿ ತೂತಿದೆ ಎಂದು ಥಟ್ಟನೆ ಕಾಣುತ್ತಿತ್ತು. ಪಕ್ಕದ ಮೇಜಿನ ಮುಚ್ಚಳದವರು (ಮೂವತ್ತು ವರ್ಷ ಔಷಧಿ ಬಾಟಲಿಗೆ ಮುಚ್ಚಳ ಮಾಡಿ ಮಾರಿದವರು) ತಮಾಷೆ ಮಾಡುತ್ತಿದ್ದರು: "ನಾನು ಒಂದು ಗಂಟೆ ಗಂಟಲು ಹರ್ಕೊಂಡ್ರೂ ಆಗದ್ದು, ನೀವು ಅವರ ಮಾತೇ ಅವರಿಗೆ ಮಡಿಸಿ ಕೊಟ್ಟು ಮಾಡ್ತೀರಲ್ಲ ತಾಯಿ!"

ಇನ್ನೊಂದು ಮಾತನ್ನು ಅವಳು ಪ್ರತಿ ಗುಂಪಿಗೂ ತಪ್ಪದೆ ಹೇಳುತ್ತಿದ್ದಳು. ಮೊದಲು ನೆಂಟರಿಗೆ ಮಾರಬೇಡಿ. ನೆಂಟರು ಚೆನ್ನಾಗಿದೆ ಅಂತಲೇ ಅನ್ನುತ್ತಾರೆ, ಅದನ್ನು ನಂಬಿ ಕೆಡುತ್ತೀರಿ.

ಈ ವರ್ಷ ಬಂದ ಒಂದು ಗುಂಪಿನಲ್ಲಿ ಮೂವರಿದ್ದರು. ಒಬ್ಬಳು ಹುಡುಗಿ, ಗುಂಪಿಗೆ ಅವಳೇ ಮುಂದಾಳು. ತಾಯಿ ಆಸ್ಪತ್ರೆಯಲ್ಲಿ ದಾದಿ, ತಂದೆ ಇಲ್ಲ, ತಮ್ಮ ಇನ್ನೂ ಓದುತ್ತಿದ್ದ. ಎರಡನೆಯವನು ಮಾತುಗಾರ, ಗೋಡೆಯನ್ನೂ ಒಪ್ಪಿಸಿಬಿಡುವಂಥವನು. ಮೂರನೆಯವನಿಗೆ ಇಸ್ತ್ರಿಯಮ್ಮ ಇಟ್ಟ ಹೆಸರು ಮೌನಿ. ವಸ್ತುವನ್ನು ಕೈಯಾರೆ ಮಾಡಿದವನು ಅವನೇ.

ವಸ್ತು ಏನೆಂದರೆ, ಒಂದು ಕ್ಲಿಪ್ಪು. ಒಗೆದು ಒಣಗಿಸಿದ ಬಟ್ಟೆಯ ಅಂಚಿಗೆ ಸಿಕ್ಕಿಸಿದರೆ, ತೇವವಿದ್ದರೆ ಕೆಂಪು ದೀಪ, ಒಣಗಿದ್ದರೆ ಹಸಿರು. ಹೊರಗಿನವರಿಗೆ ಇದೇನು ಮಹಾ ಎನಿಸಬಹುದು. ಆದರೆ ದೊಡ್ಡ ಲಾಂಡ್ರಿಯಲ್ಲಿ ಬಟ್ಟೆ ಯಂತ್ರದಿಂದ ಬಿಸಿಬಿಸಿಯಾಗಿ ಬರುತ್ತದೆ, ಬಿಸಿ ಇದ್ದಾಗ ಕೈಗೆ ಎಲ್ಲವೂ ಒಣಗಿದಂತೆಯೇ ತೋರುತ್ತದೆ. ತೇವ ಅಡಗಿ ಕೂರುವುದು ಅಂಚಿನ ದಪ್ಪ ಹೊಲಿಗೆಯಲ್ಲಿ. ಅಂಥ ಒಂದು ಹಾಸುಬಟ್ಟೆ ಮಡಿಕೆಯೊಳಗೆ ಸೇರಿತೋ, ಎರಡು ದಿನಕ್ಕೆ ಇಡೀ ಕಟ್ಟು ಮುಗ್ಗಲು ವಾಸನೆ. ಹೋಟೆಲಿನವರು ಗಾಡಿ ಸಮೇತ ಹಿಂದಕ್ಕೆ ಕಳಿಸುತ್ತಾರೆ.

ಮೊದಲ ದಿನ ಮೌನಿ ಒಂದು ಬಿಸಿ ಟವೆಲು ತಂದು ಅವಳ ಮುಂದಿಟ್ಟ. ಇಸ್ತ್ರಿಯಮ್ಮ ಅಂಗೈ ಒತ್ತಿ ನೋಡಿ, "ಒಣಗಿದೆ," ಎಂದಳು. ಕ್ಲಿಪ್ಪು ಸಿಕ್ಕಿಸಿದರೆ ಕೆಂಪು. ಅವಳು ನಕ್ಕು, ಅಂಚನ್ನು ಬಿಡಿಸಿ ಕೆನ್ನೆಗೆ ಒತ್ತಿಕೊಂಡಳು. ಕೆನ್ನೆಗೆ ತಣ್ಣಗೆ ತಾಗಿತು.

ಅವಳ ನಗು ಅಲ್ಲೇ ನಿಂತಿತು. ಆ ದಿನ ಅವಳು ನೀರು ಕುಡಿಯಲಿಲ್ಲ. "ನನಗೆ ಕೇಳಿಸಿದ್ದು ಹೀಗೆ," ಎನ್ನಲೂ ಇಲ್ಲ. "ಇದು ಬೇಕು ಕಣ್ರೋ, ಇದು ಬೇಕೇ ಬೇಕು," ಎಂದುಬಿಟ್ಟಳು.

ಅಷ್ಟಕ್ಕೇ ಬಿಡಲಿಲ್ಲ. ಮನೆಗೆ ಹೋಗಿ ಫೋನು ಹಿಡಿದು ಕೂತಳು. ಊರಿನ ಲಾಂಡ್ರಿಯವರಲ್ಲಿ ಅರ್ಧಕ್ಕರ್ಧ ಅವಳ ಕೈಕೆಳಗೆ ಕಲಿತವರು, ಉಳಿದವರು ಕಷ್ಟಕ್ಕೆ ಅವಳ ಯಂತ್ರ ಎರವಲು ಪಡೆದವರು.

"ತಮ್ಮಾ, ನಮ್ಮ ಹುಡುಗರು ಒಂದು ವಸ್ತು ಮಾಡಿದಾರೆ. ಒಂದು ತಗೊಂಡು ನೋಡ್ತೀಯಾ?"

"ಕಳಿಸಿ ಅಕ್ಕಾ. ಇದನ್ನೂ ಕೇಳ್ಬೇಕಾ?"

ಹನ್ನೊಂದು ಕಡೆ ಫೋನು, ಹನ್ನೊಂದು ಕಡೆಯಿಂದಲೂ ಹೂಂ. ಎರಡೂವರೆ ತಿಂಗಳಲ್ಲಿ ಮಾತುಗಾರ ಎಲ್ಲರಿಗೂ ಮೂರು ಸಲ ಫೋನು ಮಾಡಿ ವಿಚಾರಿಸಿದ. ಹನ್ನೊಂದು ಜನವೂ ಮೂರು ಸಲವೂ ಚೆನ್ನಾಗಿದೆ ಎಂದರು. ಅವನು ಗೋಡೆಯ ಮೇಲೆ ಕಾಗದ ಅಂಟಿಸಿ ಹನ್ನೊಂದು ಹಸಿರು ಚುಕ್ಕೆ ಇಟ್ಟ. ಇಸ್ತ್ರಿಯಮ್ಮ ಅದನ್ನು ನೋಡಿದಾಗಲೆಲ್ಲ ಒಳಗೊಳಗೇ ಉಬ್ಬುತ್ತಿದ್ದಳು.

ಇಷ್ಟರಲ್ಲಿ ಹುಡುಗಿಗೆ ತೂಕದ ಯಂತ್ರ ಮಾಡುವ ಕಂಪನಿಯೊಂದರಿಂದ ಕೆಲಸದ ಕಾಗದ ಬಂತು. ಬರುವ ಗುರುವಾರ ಸಂಜೆ ಐದರೊಳಗೆ ಒಪ್ಪಿಗೆ ತಿಳಿಸಬೇಕು. ಮರುದಿನ ಶುಕ್ರವಾರ, ವಿಶ್ವವಿದ್ಯಾಲಯದ ಸಮಿತಿ ಕೂತು ಯಾವ ಗುಂಪಿಗೆ ಎರಡು ವರ್ಷ ಕೋಣೆ, ಸಲಕರಣೆ, ಕೈಖರ್ಚು ಕೊಡುವುದೆಂದು ತೀರ್ಮಾನಿಸುವುದಿತ್ತು.

"ಕೆಲಸ ಬೇಡ ಅಂತ ಬರೆದುಬಿಡ್ತೀನಿ ಅಮ್ಮಾ," ಎಂದಿದ್ದಳು ಹುಡುಗಿ. "ಮನೇಲಿ ಅಮ್ಮ ಮುಖ ಊದಿಸ್ಕೊಂಡಿದಾರೆ. ಆದ್ರೆ ಹನ್ನೊಂದರಲ್ಲಿ ಹನ್ನೊಂದೂ ಹೂಂ ಅಂದಿರೋವಾಗ ಬಿಟ್ಟು ಹೋಗೋದು ಹೇಗೆ, ನೀವೇ ಹೇಳಿ."

"ಅದೇ ಮತ್ತೆ," ಎಂದಿದ್ದಳು ಇಸ್ತ್ರಿಯಮ್ಮ.

ಸೋಮವಾರದ ದಿನ ಮಗಳ ಜೊತೆ ಊಟ ಮಾಡುವುದು ಅವಳ ರೂಢಿ. ಆ ಸೋಮವಾರ ಲಾಂಡ್ರಿಗೆ ಸ್ವಲ್ಪ ಮುಂಚೆಯೇ ಹೋದಳು. ಮಗಳು ಯಂತ್ರದ ಕಡೆ ಇದ್ದಳು. ಇಸ್ತ್ರಿಯಮ್ಮ ಮಗಳ ಮೇಜಿನ ಮುಂದೆ ಕೂತು ಅತ್ತಿತ್ತ ನೋಡಿದಳು. ಬಟ್ಟೆ ಬಂದ ಚೀಟಿಗಳ ಒಂದು ದಪ್ಪ ಕಂತೆ ಗೋಡೆಯ ಮೊಳೆಗೆ ತೂಗುತ್ತಿತ್ತು. ಕಂತೆಯನ್ನು ಕಚ್ಚಿ ಹಿಡಿದಿದ್ದದ್ದು ಆ ಹುಡುಗರ ಕ್ಲಿಪ್ಪು. ದೀಪ ಆರಿ ಎಷ್ಟು ದಿನವಾಗಿತ್ತೋ.

ಮಗಳು ಬಂದವಳು ತಾಯಿಯ ಕಣ್ಣು ಎಲ್ಲಿದೆ ಎಂದು ನೋಡಿ ತುಟಿ ಕಚ್ಚಿಕೊಂಡಳು.

"ಏನೇ ಇದು?"

"ಹಿಡಿತ ಚೆನ್ನಾಗಿದೆ ಅಮ್ಮಾ."

"ತಮಾಷೆ ಬೇಡ. ಆ ಮಾತುಗಾರ ಫೋನು ಮಾಡಿದಾಗ ಏನಂದೆ?"

"ಚೆನ್ನಾಗಿದೆ ಅಂದೆ. ಇನ್ನೇನು ಅನ್ಲಿ? ನಿನಗೆ ಬೇಡ ಅನ್ನೋ ಧೈರ್ಯ ಈ ಊರಲ್ಲಿ ಯಾರಿಗಿದೆ? ನನಗೇ ಇಲ್ಲ, ಹೊಟ್ಟೇಲಿ ಹುಟ್ಟಿದೋಳಿಗೆ."

"ಕೆಲಸ ಮಾಡಲ್ವಾ ಅದು?"

"ಮಾಡುತ್ತೆ. ಸುಳ್ಳು ಹೇಳಲ್ಲ ಪಾಪ. ಆದ್ರೆ ದೀಪ ಬರೋಕೆ ಹತ್ತು ಎಣಿಸ್ಬೇಕು. ಅಷ್ಟರಲ್ಲಿ ನಮ್ಮ ಹೆಂಗಸರು ಮೂರು ಬಟ್ಟೆ ಮುಟ್ಟಿ, ಮಡಿಸಿ, ಪಕ್ಕಕ್ಕಿಟ್ಟಿರ್ತಾರೆ. ದಿನಕ್ಕೆ ಸಾವಿರದ ಮೇಲೆ ಹಾಸುಬಟ್ಟೆ ಅಮ್ಮಾ. ನೀನಿದ್ದಾಗ ಯಾರಾದ್ರೂ ಹತ್ತು ಎಣಿಸ್ತಾ ನಿಂತಿದ್ರೆ ಬಿಡ್ತಿದ್ಯಾ?"

ಬಿಡುತ್ತಿರಲಿಲ್ಲ.

ಫೋನಿನಲ್ಲಿ ಕೇಳಿದರೆ ಯಾರೂ ನಿಜ ಹೇಳುವುದಿಲ್ಲ ಎಂದು ಅವಳಿಗೆ ಈಗ ತಿಳಿದಿತ್ತು. ಮಂಗಳವಾರ ಬೆಳಿಗ್ಗೆ ಬಸ್ಸು ಹತ್ತಿದಳು. ಹೇಳದೆ ಕೇಳದೆ ಹೋಗಿ, ಕಣ್ಣಾರೆ ನೋಡಿ ಬರುವುದು. ಮೊದಲ ಕಡೆ ಕ್ಲಿಪ್ಪು ಮೇಜಿನ ಖಾನೆಯಲ್ಲಿ, ಮೇಲಿನ ಪ್ಲಾಸ್ಟಿಕ್ಕು ಕೂಡ ಬಿಚ್ಚಿರಲಿಲ್ಲ. ಎರಡನೆಯ ಕಡೆ ಮಾಲೀಕ ಅವಳನ್ನು ಕಂಡದ್ದೇ ಒಳಗೆ ಓಡಿ, ಅದನ್ನು ಹುಡುಕಿ ತಂದು, ಒರೆಸಿ ಒಂದು ಟವೆಲಿಗೆ ಸಿಕ್ಕಿಸಿ ನಿಂತ. ಅವಳಿಗೆ ನಗು ಬಂತು, ಅಳುವೂ ಬಂತು. ಮೂರನೆಯವನು ಹಳೆಯ ಶಿಷ್ಯ. ಒಂದು ಲೋಟ ಟೀ ಕೊಟ್ಟು, ಗದ್ದ ಕೆರೆದುಕೊಂಡು, "ಅಕ್ಕಾ, ನೀವು ಹೇಳಿದ್ರೆ ಕಲ್ಲು ಕೊಟ್ರೂ ತಗೋತಿದ್ದೆ. ಇದು ಕಲ್ಲಿಗಿಂತ ಹಗುರ ಇತ್ತು," ಎಂದ.

ನಾಲ್ಕನೆಯದು ಆಸ್ಪತ್ರೆಯ ಹಿಂದಿನ ಬೀದಿಯ ಸಣ್ಣ ಲಾಂಡ್ರಿ. ಮಾಲೀಕ ಇರಲಿಲ್ಲ. ಮಡಿಸುವ ಮೇಜಿನ ಹತ್ತಿರ ಒಬ್ಬ ಹೆಂಗಸು ಮಾತ್ರ ಇದ್ದಳು, ಇಸ್ತ್ರಿಯಮ್ಮನಷ್ಟೇ ವಯಸ್ಸಿನವಳು, ಮೂವತ್ತು ವರ್ಷದಿಂದ ಅದೇ ಮೇಜು. ಇಸ್ತ್ರಿಯಮ್ಮ ಬಾಗಿಲಲ್ಲಿ ನಿಂತದ್ದು ಅವಳಿಗೆ ಕಾಣಲಿಲ್ಲ. ಒಂದು ಹಾಸುಬಟ್ಟೆ ಎತ್ತಿದಳು. ಅತ್ತಿತ್ತ ನೋಡಿ, ಮೇಲಂಗಿಯ ಜೇಬಿನಿಂದ ಕ್ಲಿಪ್ಪು ತೆಗೆದು, ಅಂಚಿಗೆ ಸಿಕ್ಕಿಸಿ, ಬಟ್ಟೆ ಸರಿಪಡಿಸುವವಳಂತೆ ನಿಂತಳು. ಹಸಿರು ಬಂದ ಮೇಲೆ ಮಡಿಸಿದಳು.

"ನೀನು ಬಳಸ್ತೀಯಾ ಅದನ್ನ?"

ಆ ಹೆಂಗಸು ಬೆಚ್ಚಿಬಿದ್ದಳು. ಗುರುತು ಸಿಕ್ಕ ಮೇಲೆ ದನಿ ತಗ್ಗಿಸಿದಳು.

"ಯಾರಿಗೂ ಹೇಳ್ಬೇಡಿ ಅಕ್ಕಾ. ಎರಡು ವರ್ಷ ಆಯ್ತು, ಕೈಗೆ ತೇವ ತಿಳಿಯಲ್ಲ. ಇಷ್ಟು ವರ್ಷ ಬಿಸಿ ಬಟ್ಟೆ ಹಿಡಿದೂ ಹಿಡಿದೂ ಚರ್ಮ ಸತ್ತುಹೋಗಿದೆ. ಕೆನ್ನೆಗೆ ಇಟ್ಟು ನೋಡ್ತಿದ್ದೆ, ಗಿರಾಕಿ ಬಟ್ಟೇನ ಮುಖಕ್ಕೆ ಒರೆಸ್ತೀಯಾ ಅಂತ ಮಾಲೀಕರು ಬೈದ್ರು. ಕೈ ಹೋಗಿದೆ ಅಂತ ಗೊತ್ತಾದ್ರೆ ಮೇಜಿಂದ ಎಬ್ಬಿಸ್ತಾರೆ. ಇದು ಖಾನೇಲಿ ಸುಮ್ನೆ ಬಿದ್ದಿತ್ತು, ಎತ್ಕೊಂಡೆ."

"ಹತ್ತು ಎಣಿಸ್ಬೇಕಲ್ಲ?"

"ಎಲ್ಲದಕ್ಕೂ ಹಾಕಲ್ಲ. ಅನುಮಾನ ಬಂದದ್ದಕ್ಕೆ ಮಾತ್ರ."

ಇಸ್ತ್ರಿಯಮ್ಮ ತನ್ನ ಅಂಗೈ ನೋಡಿಕೊಂಡಳು. ಮೊದಲ ದಿನ ಆ ಟವೆಲನ್ನು ಮುಟ್ಟಿ ಒಣಗಿದೆ ಎಂದದ್ದು ಇದೇ ಕೈ. ಅದು ತಪ್ಪಿತೆಂದು ತನಗೂ ಹೇಳಿಕೊಳ್ಳದೆ, ಆ ಕಸಿವಿಸಿಯನ್ನು ನುಂಗಿ, ಇದು ಬೇಕೇ ಬೇಕು ಎಂದಿದ್ದಳು. ಬೇಕಾದದ್ದು ತನಗೆ. ಲೋಕಕ್ಕೆಲ್ಲ ಬೇಕೆಂದು ಹುಡುಗರ ತಲೆಗೆ ತುಂಬಿದ್ದಳು.

ಉಳಿದ ಆರು ಕಡೆಯೂ ಕ್ಲಿಪ್ಪು ಮೂಲೆ ಸೇರಿತ್ತು. ಮಗಳದೂ ಸೇರಿ ಹನ್ನೊಂದರಲ್ಲಿ ಬಳಸುತ್ತಿದ್ದದ್ದು ಒಂದೇ ಕಡೆ.

ಬುಧವಾರ ಅವಳು ಎಲ್ಲರಿಗಿಂತ ಮೊದಲು ಬಂದು ಕೂತಿದ್ದಳು. ಮುಚ್ಚಳದವರು ಬಂದು ಅವಳ ಮುಖ ನೋಡಿದವರೇ ಕುರ್ಚಿ ಎಳೆದುಕೊಂಡರು. ಅವಳು ನಡೆದದ್ದೆಲ್ಲ ಹೇಳಿದಳು, ಆ ಹೆಂಗಸಿನ ಕೈಯ ವಿಷಯ ಒಂದು ಬಿಟ್ಟು.

"ಈಗ ಇದನ್ನ ಹುಡುಗರಿಗೆ ಹೇಳ್ತೀರಾ?" ಎಂದರು ಅವರು.

"ಹೇಳ್ಬೇಡ ಅಂತೀರಾ?"

"ಶುಕ್ರವಾರ ಕಳೀಲಿ ಅಂತೀನಿ. ಕೋಣೆ ಸಿಕ್ಕಿದ ಮೇಲೆ ಸರಿಪಡಿಸ್ಕೋತಾರೆ. ನನ್ನ ಮೊದಲ ಮುಚ್ಚಳ ಕೊಂಡಿದ್ದು ನಮ್ಮ ಮಾವನೇ, ಅದೂ ಮುಖ ನೋಡಿ. ಯಾರು ಸತ್ರು?"

"ನಿಮ್ಮ ಮಾವ ಮುಖ ನೋಡಿ ತಗೊಂಡ್ರು ಅಂತ ನಿಮಗೆ ಆವತ್ತೇ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಆವಯ್ಯನ ಮುಖ ನೋಡಿದ್ರೆ ಸಾಕಿತ್ತು."

"ಇವರಿಗೆ ಗೊತ್ತಿಲ್ಲವಲ್ಲ. ಆ ಮಗು ನಾಳೆ ಕೆಲಸ ಬೇಡ ಅಂತ ಬರೀತಾಳೆ, ನನ್ನ ಮುಲಾಜನ್ನ ನಂಬ್ಕೊಂಡು."

ಮುಚ್ಚಳದವರು ಎದ್ದು ಕುರ್ಚಿಯನ್ನು ತಮ್ಮ ಮೇಜಿಗೆ ಎಳೆದುಕೊಂಡು ಹೋದರು.

ಮೂವರೂ ನಗುತ್ತ ಬಂದರು. ಮಾತುಗಾರ ಶುಕ್ರವಾರ ಸಮಿತಿಯ ಮುಂದೆ ಆಡಬೇಕಾದ ಮಾತನ್ನು ಒಪ್ಪಿಸಲು ಎದ್ದು ನಿಂತಿದ್ದ. ಇಸ್ತ್ರಿಯಮ್ಮ ಕೈ ಎತ್ತಿ ಕೂರಿಸಿದಳು. ಸುತ್ತಿ ಬಳಸುವುದು ಅವಳಿಗೆ ಬರುತ್ತಿರಲಿಲ್ಲ.

"ಆ ಹನ್ನೊಂದು ಜನ ನಿಮ್ಮ ವಸ್ತು ಕೊಳ್ಳಲಿಲ್ಲ. ನನ್ನ ಮಾತು ಕೊಂಡ್ರು. ನಾನು ಹೋಗಿ ನೋಡಿ ಬಂದೆ. ಬಳಸ್ತಿರೋದು ಒಬ್ಬರೇ. ಅವರು ಯಾರು ಅಂತ ಕೇಳ್ಬೇಡಿ, ಯಾಕೆ ಬಳಸ್ತಾರೆ ಅಂತ ಹೇಳ್ತೀನಿ."

ಹೇಳಿದಳು. ಹತ್ತು ಎಣಿಸುವ ವಿಷಯ, ಕಂತೆ ಕಚ್ಚಿದ ವಿಷಯ, ವರ್ಷಗಟ್ಟಲೆ ಬಿಸಿಗೆ ಮರಗಟ್ಟಿದ ಕೈಗೆ ಮಾತ್ರ ಅದು ಬೇಕಾದ ವಿಷಯ, ಅದೂ ಅನುಮಾನ ಬಂದ ಬಟ್ಟೆಗೆ ಮಾತ್ರ ಹಾಕುವ ವಿಷಯ. ತನ್ನ ಎರಡು ಅಂಗೈಯನ್ನೂ ಮೇಜಿನ ಮೇಲೆ ಚಾಚಿ, "ಇವೂ ಅಂಥವೇ. ಅದಕ್ಕೇ ನಾನು ಮರುಳಾದೆ," ಎಂದಳು.

ಹುಡುಗಿಯ ಮುಖ ಕೆಂಪಾಯಿತು.

"ನೆಂಟರಿಗೆ ಮಾರಬೇಡಿ ಅಂತ ಹೇಳ್ಕೊಟ್ಟೋರು ನೀವೇ ಅಲ್ವಾ?"

"ನಾನೇ."

"ಮತ್ತೆ?"

"ನನ್ನ ನೆಂಟರು ನಿಮಗೆ ನೆಂಟರಲ್ಲ ಅಂದ್ಕೊಂಡೆ. ತಪ್ಪಾಯ್ತು ಮಗಳೇ."

"ನಾಳೆ ಐದು ಗಂಟೆಗೆ ಉತ್ತರ ಕೊಡ್ಬೇಕು ನಾನು! ಅಮ್ಮನ ಹತ್ರ ಎರಡು ವಾರದಿಂದ ಜಗಳ ಆಡಿದೀನಿ, ಈ ಹನ್ನೊಂದನ್ನ ಹಿಡ್ಕೊಂಡು. ಈಗ ಏನ್ಮಾಡ್ಲಿ, ಹೇಳಿ."

ಇಸ್ತ್ರಿಯಮ್ಮನ ನಾಲಿಗೆಯ ತುದಿಗೆ ಉತ್ತರ ಬಂದಿತ್ತು. ಅದನ್ನು ಹಾಗೆಯೇ ಹಿಂದಕ್ಕೆ ಎಳೆದುಕೊಂಡಳು. "ಅದನ್ನ ನಾನು ಹೇಳೋದು ಇನ್ನೊಂದು ತಪ್ಪಾಗುತ್ತೆ. ಊರಾಚೆ ಹೊಸ ಬಡಾವಣೇಲಿ ನಾಲ್ಕು ಲಾಂಡ್ರಿ ಇವೆ. ನನ್ನ ಮುಖ ಕಂಡೋರಲ್ಲ, ನನ್ನ ಹೆಸರು ಕೇಳಿದೋರಲ್ಲ. ನಾಳೆ ಬೆಳಿಗ್ಗೆ ಅಲ್ಲಿಗೆ ಹೋಗಿ. ಆಮೇಲೆ ನಿನ್ನ ಬುದ್ಧಿಗೆ ತೋಚಿದ್ದು ಮಾಡು."

ಹುಡುಗಿ ಚೀಲ ಹೆಗಲಿಗೇರಿಸಿ ಬಿರುಸಾಗಿ ಹೊರಟಳು. ಮಾತುಗಾರ ಹಿಂದೆಯೇ ಓಡಿದ. ಮೌನಿ ಮಾತ್ರ ಒಂದು ಕ್ಷಣ ನಿಂತು ಕೇಳಿದ, "ಅನುಮಾನ ಬಂದದ್ದಕ್ಕೆ ಮಾತ್ರ ಹಾಕ್ತಾರಾ ಅವರು?"

"ಹೂಂ."

ಅವನು ತಲೆಯಾಡಿಸಿ ಹೋದ.

ಗುರುವಾರ ಅವಳು ಮನೆಯಲ್ಲಿ ಕೂತಲ್ಲಿ ಕೂರಲಾರದೆ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ನಾಲ್ಕು ಗಂಟೆಯ ಮೇಲೆ ಫೋನು ಬಂತು.

"ನಾಲ್ಕು ಕಡೆ ಹೋದ್ವಿ," ಎಂದಿತು ಹುಡುಗಿಯ ದನಿ, ಇನ್ನೂ ಬಿಗಿಯಾಗಿಯೇ. "ಎಂಥೆಂಥಾ ರೀತೀಲಿ ಬೇಡ ಅಂದ್ರು ಗೊತ್ತಾ? ಒಬ್ರು ಬಾಗಿಲಲ್ಲೇ ಬೇಡ ಅಂದ್ರು. ಒಬ್ರು ಅರ್ಧ ಗಂಟೆ ಕೂರಿಸ್ಕೊಂಡು, ಇದು ಯಾಕೆ ಬೇಡ ಅಂತ ಒಂದೊಂದಾಗಿ ಬಿಡಿಸಿ ಹೇಳಿದ್ರು. ಎರಡೂವರೆ ತಿಂಗಳಲ್ಲಿ ಹನ್ನೊಂದು ಜನ ಹೇಳದ್ದನ್ನ ಅವರೊಬ್ಬರೇ ಹೇಳಿದ್ರು."

"ಒಳ್ಳೇ ಮನುಷ್ಯ."

"ಒಳ್ಳೇದೇನು, ಬಾಯಿ ಬಹಳ ಕೆಟ್ಟದು." ಹುಡುಗಿಯ ದನಿ ತಗ್ಗಿತು. "ಕಂಪನಿಗೆ ಬರ್ತೀನಿ ಅಂತ ಬರೆದೆ. ಈಗ್ತಾನೇ."

ಇಸ್ತ್ರಿಯಮ್ಮ ಸರಿ ಎನ್ನಲಿಲ್ಲ, ತಪ್ಪು ಎನ್ನಲಿಲ್ಲ. "ಅಮ್ಮನಿಗೆ ಹೇಳಿದ್ಯಾ?" ಎಂದಳು.

"ಮೊದಲು ನಿಮಗೆ ಹೇಳಿದೆ," ಎಂದು ಹುಡುಗಿ ಫೋನಿಟ್ಟಳು.

ಶುಕ್ರವಾರ ಸಮಿತಿಯ ಮುಂದೆ ಮಾತುಗಾರ ಎದ್ದು ನಿಲ್ಲಲಿಲ್ಲ. ಎದ್ದವನು ಮೌನಿ. ಹನ್ನೊಂದು ಚುಕ್ಕೆಯ ಕಾಗದವನ್ನು ಅವನು ತಂದಿರಲೇ ಇಲ್ಲ. "ಒಬ್ಬರು ಬಳಸ್ತಾರೆ," ಎಂದು ಶುರು ಮಾಡಿ, ವರ್ಷಗಟ್ಟಲೆ ಬಿಸಿ ಹಿಡಿದ ಕೈಗಳ ವಿಷಯ, ಹತ್ತು ಎಣಿಸುವುದನ್ನು ಮೂರಕ್ಕೆ ಇಳಿಸುವ ವಿಷಯ ತಡವರಿಸುತ್ತ ಹೇಳಿದ. ನಡುನಡುವೆ ನಿಂತುಹೋದ. ಸಮಿತಿಯವರು ಎರಡು ವರ್ಷ ಕೊಡಲಿಲ್ಲ. ಆರು ತಿಂಗಳು ಕೊಟ್ಟರು, ಅದೂ ಕೋಣೆ ಇಲ್ಲದೆ, ಪ್ರಯೋಗಶಾಲೆಯ ಒಂದು ಮೂಲೆ ಮಾತ್ರ. ಇಬ್ಬರೇ ಹುಡುಗರು. ಅವರನ್ನು ಇನ್ನು ಮುಂದೆ ಮುಚ್ಚಳದವರು ನೋಡಿಕೊಳ್ಳಲಿ ಎಂದು ಇಸ್ತ್ರಿಯಮ್ಮನೇ ಮೇಡಂಗೆ ಹೇಳಿದಳು. "ನನಗೆ ಆ ವಸ್ತುವಿನ ಮೇಲೆ ಆಸೆ ಇದೆ, ನ್ಯಾಯ ಹೇಳೋಕೆ ಬರಲ್ಲ," ಎಂದಳು.

ಹೊರಗೆ ಮೆಟ್ಟಿಲ ಹತ್ತಿರ ಹುಡುಗಿ ಒಬ್ಬಳೇ ನಿಂತಿದ್ದಳು. ಒಳಗೆ ಬಂದಿರಲಿಲ್ಲ, ಆದರೆ ಬಾಗಿಲಾಚೆಯಿಂದ ಎಲ್ಲ ಕೇಳಿಸಿಕೊಂಡಿದ್ದಳೆಂದು ಮುಖವೇ ಹೇಳುತ್ತಿತ್ತು.

"ಚೆನ್ನಾಗಿ ಮಾತಾಡ್ದ ಅಲ್ವಾ?" ಎಂದಳು.

"ಒಂಬತ್ತು ಸಲ ನಿಂತ."

"ಹತ್ತು. ನಾನು ಎಣಿಸಿದೆ." ಹುಡುಗಿ ನಕ್ಕಳು, ಕೂಡಲೇ ನಗು ನುಂಗಿಕೊಂಡಳು. "ನಿಮ್ಮ ಮೇಲೆ ಇನ್ನೂ ಕೋಪ ಇದೆ ನನಗೆ."

"ಇರ್ಲಿ. ನನ್ನ ಮುಲಾಜಿಗೆ ಕೋಪ ಬಿಟ್ಟುಬಿಡಬೇಡ."

"ಬಿಡಲ್ಲ," ಎಂದಳು ಹುಡುಗಿ. ಮೆಟ್ಟಿಲು ಇಳಿಯುವಾಗ, ಕೇಳದೆಯೇ, ಮುದುಕಿಯ ಕೈಯಿಂದ ನೀರಿನ ಬಾಟಲಿ ತೆಗೆದುಕೊಂಡು, ತೋಳು ಹಿಡಿದಳು. ಸೋಮವಾರದಿಂದ ಕೆಲಸಕ್ಕೆ ಯಾವ ಬಸ್ಸು ಹತ್ತಬೇಕು, ಎಷ್ಟು ಗಂಟೆಗೆ ಮನೆ ಬಿಡಬೇಕು ಎಂದು ಹೇಳುತ್ತಾ ಹೋದಳು. ಇಸ್ತ್ರಿಯಮ್ಮ ಒಂದೊಂದೇ ಮೆಟ್ಟಿಲು ಇಳಿಯುತ್ತಾ ಕೇಳಿಸಿಕೊಂಡಳು.